ಯಂತ್ರಕ್ಕೂ ಒಂದು ಜಾತಕ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ನೀವು ಎಂದಾದರೂ ಪ್ರಯಾಣ ಮಾಡಿದ್ದೀರಾ? ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ಒಂದರ ಹಿಂದೆ ಒಂದು ಪುಟ್ಟ ನಿಲ್ದಾಣಗಳು ಬರುತ್ತವೆ. ಚಿನ್ನದ ಗಣಿಗಳಿಗೆಂದೇ 1894ರಲ್ಲಿ ಈ ಕವಲು ದಾರಿಯನ್ನು ಹಾಕಿದರು. ಆ ಕಾಲದ ಕಾಗದಪತ್ರಗಳಲ್ಲಿ ಬಂಗಾರಪೇಟೆ ಎಂಬ ಹೆಸರನ್ನು ಹುಡುಕಿದರೆ ಸಿಗುವುದು ಕಷ್ಟ. ಅಲ್ಲಿರುವುದು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಅವರ ಹೆಸರು ಅದು. ಈ ಸಂಗತಿ ತಿಳಿಯದೆ ಹಳೆಯ ಕಾಗದವನ್ನೂ ಹೊಸ ನಕ್ಷೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡವನು ಎರಡು ಬೇರೆ ಬೇರೆ ಊರುಗಳಿವೆ ಎಂದೇ ತಿಳಿಯುತ್ತಾನೆ.

ಹೆಸರು ಬದಲಾಗಿ ವಸ್ತು ಅದೇ ಉಳಿಯುವುದು ಹೀಗೆ. ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಹೆಸರು ಅದೇ ಇರುತ್ತದೆ, ಒಳಗಿನ ವಸ್ತು ಬೇರೆಯಾಗಿರುತ್ತದೆ. ಹಳೆಯ ಯಂತ್ರಗಳ ಇತಿಹಾಸ ಹುಡುಕುವವರಿಗೆ ಹೆಚ್ಚು ತೊಂದರೆ ಕೊಡುವುದು ಈ ಎರಡನೆಯ ಬಗೆ. ಒಂದು ಯಂತ್ರ ನಿಜವಾಗಿ ಎಲ್ಲಿ, ಯಾವಾಗ, ಯಾರ ಕೈಯಲ್ಲಿ ಹುಟ್ಟಿತು ಎಂಬುದನ್ನು ಪತ್ತೆಮಾಡುವುದು ಹೇಗೆ? ಅಮೆರಿಕದ ಹಳೆಯ ಪಂದ್ಯದ ಕಾರುಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ನೋಡೋಣ.

ಚಾಂಪಿಯನ್ ರೀಫ್ಸ್‌ನ ಮಾತೆತ್ತಿ ಅಮೆರಿಕದ ಕಾರಿಗೆ ಏಕೆ ಹಾರಿದಿರಿ ಎಂದು ನೀವು ಕೇಳಬಹುದು. ಕಾರಣವಿದೆ. ಎರಡು ಕಥೆಗಳೂ 1902ನೆಯ ಇಸವಿಯಲ್ಲಿ ನಡೆದವು. ಎರಡರಲ್ಲೂ ಯಂತ್ರ ಅಮೆರಿಕದ್ದು. ಎರಡಕ್ಕೂ ಮುಂದೆ ಸುಳ್ಳು ಜಾತಕ ಅಂಟಿಕೊಂಡಿತು.

1902: ಗಣಿಗೆ ಬಂದ ವಿದ್ಯುತ್ತು

ಆ ವರ್ಷ ಜೂನ್ 30ರಂದು ಶಿವನಸಮುದ್ರದ ಜಲಪಾತದಿಂದ ಹೊರಟ ವಿದ್ಯುತ್ತು 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರು, ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಯೋಜನೆಯನ್ನು ರೂಪಿಸಿದವರು ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಜೋಲಿ ಡಿ ಲಾಟ್ಬಿನಿಯೇರ್ ಎಂಬ ಕೆನಡಾ ಮೂಲದ ಸೇನಾ ಎಂಜಿನಿಯರು. ಬೆಂಬಲವಾಗಿ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ಕೆಲಸ ಪೂರ್ತಿಯಾಗುವ ಮುನ್ನ, 1901ರಲ್ಲೇ, ದಿವಾನರು ತೀರಿಕೊಂಡರು. ನೀರು ತಿರುಗಿಸುವ ಟರ್ಬೈನುಗಳು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದ ಎಷರ್ ವಿಸ್ ಕಂಪನಿಯವು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಒಂದೊಂದು 720 ಕಿಲೋವಾಟಿನ ಆರು ಜನರೇಟರುಗಳು. ತಂತಿಯಲ್ಲಿ ಹರಿದದ್ದು 35,000 ವೋಲ್ಟು. ಗಣಿಗಳನ್ನು ನಡೆಸುತ್ತಿದ್ದ ಲಂಡನ್ನಿನ ಜಾನ್ ಟೇಲರ್ ಕಂಪನಿ ಈ ವಿದ್ಯುತ್ತನ್ನು ಕೊಳ್ಳುತ್ತೇವೆಂದು ಮೊದಲೇ ಕರಾರು ಮಾಡಿಕೊಂಡಿತ್ತು. ಕಲ್ಲು ಕುಟ್ಟುವ ಗಿರಣಿಗಳು ಅಲ್ಲಿಯವರೆಗೆ ಉಗಿಯಿಂದ ಓಡುತ್ತಿದ್ದವು; ಇನ್ನು ಮುಂದೆ ಕಾವೇರಿಯ ನೀರಿನಿಂದ ಓಡತೊಡಗಿದವು.

ಈ ಕಥೆಗೆ ಆಮೇಲೆ ಬರೋಣ. ಮೊದಲು ಕಾರು.

999 ಎಂಬ ಹೆಸರು

ಅದೇ 1902ರ ಅಕ್ಟೋಬರ್ 25. ಅಮೆರಿಕದ ಡೆಟ್ರಾಯಿಟ್ ಪಟ್ಟಣದ ಹೊರವಲಯದ ಗ್ರಾಸ್ ಪಾಯಿಂಟ್ ಮೈದಾನದಲ್ಲಿ ಕಾರು ಪಂದ್ಯ. ಕುದುರೆ ಓಡುವ ದಾರಿಯಲ್ಲೇ ಕಾರು ಓಡಬೇಕು. ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಸೈಕಲ್ ಪಂದ್ಯದ ಹುಡುಗ ಒಂದು ದೈತ್ಯ ಯಂತ್ರದ ಮೇಲೆ ಕುಳಿತು ಐದು ಮೈಲಿಯನ್ನು 5 ನಿಮಿಷ 28 ಸೆಕೆಂಡಿನಲ್ಲಿ ಓಡಿ ಗೆದ್ದ. ಆ ಯಂತ್ರದ ಹೆಸರು 999. ವೇಗಕ್ಕೆ ಹೆಸರಾಗಿದ್ದ ನ್ಯೂಯಾರ್ಕಿನ ಒಂದು ರೈಲ್ವೆ ಎಂಜಿನ್ನಿನ ಸಂಖ್ಯೆಯನ್ನು ಕಾರಿಗೆ ಇಟ್ಟಿದ್ದರು.

ಈ 999 ನೋಡಲು ಈಗಿನ ಯಾವ ಕಾರಿನಂತೆಯೂ ಇಲ್ಲ. ಮೈ ಮುಚ್ಚುವ ಹೊದಿಕೆಯಿಲ್ಲ. ದುಂಡನೆಯ ಸ್ಟಿಯರಿಂಗ್ ಚಕ್ರದ ಬದಲು ಸೈಕಲ್ಲಿನ ಹ್ಯಾಂಡಲ್ಲಿನಂಥ ಕಬ್ಬಿಣದ ಸರಳು. ನಾಲ್ಕು ಸಿಲಿಂಡರು, ಒಂದೊಂದರ ಅಡ್ಡಳತೆ ಏಳೂಕಾಲು ಅಂಗುಲ, ಒಳಗಿನ ಪಿಸ್ಟನ್ನಿನ ಓಡಾಟ ಏಳು ಅಂಗುಲ. ಲೆಕ್ಕ ಹಾಕಿ ನೋಡಿ: ಒಟ್ಟು ಗಾತ್ರ 1,155 ಘನ ಅಂಗುಲ, ಅಂದರೆ ಸುಮಾರು 18.9 ಲೀಟರು. ಒಂದು ಕಾಲಕ್ಕೆ ನಮ್ಮ ರಸ್ತೆಗಳಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಮಾರುತಿ 800ರ ಎಂಜಿನ್ನುಗಳನ್ನು ಇಪ್ಪತ್ತನಾಲ್ಕು ಒಟ್ಟು ಸೇರಿಸಿದಷ್ಟು!

ಇದನ್ನು ಮಾಡಿದವನು ಹೆನ್ರಿ ಫೋರ್ಡ್. ಹಣ ಹಾಕಿದವನು ಟಾಮ್ ಕೂಪರ್, ಅವನೂ ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದವನೇ. ಅವರು ಮಾಡಿದ್ದು ಒಂದು ಕಾರನ್ನಲ್ಲ, ಅವಳಿ ಜವಳಿಯಂಥ ಎರಡನ್ನು. ಒಂದು 999, ಇನ್ನೊಂದು ಆ್ಯರೋ, ಅಂದರೆ ಬಾಣ. ಓಲ್ಡ್‌ಫೀಲ್ಡ್ ಗೆಲ್ಲುವ ಹೊತ್ತಿಗೆ ಫೋರ್ಡ್ ತನ್ನ ಪಾಲನ್ನು ಕೂಪರನಿಗೆ ಮಾರಿಬಿಟ್ಟಿದ್ದ. ಆದರೂ ಊರೆಲ್ಲ ಹೆಸರು ಬಂದದ್ದು ಫೋರ್ಡನಿಗೆ.

1903ರ ಸೆಪ್ಟೆಂಬರಿನಲ್ಲಿ ಮಿಲ್ವಾಕಿಯ ಪಂದ್ಯವೊಂದರಲ್ಲಿ ಆ್ಯರೋ ಅಪಘಾತಕ್ಕೀಡಾಯಿತು. ಅದನ್ನು ಓಡಿಸುತ್ತಿದ್ದ ಫ್ರಾಂಕ್ ಡೇ ಪ್ರಾಣ ಕಳೆದುಕೊಂಡ. ಫೋರ್ಡ್ ಆ ಮುರಿದ ಕಾರನ್ನು ಪಡೆದು ದುರಸ್ತಿ ಮಾಡಿದ. ಅಷ್ಟರಲ್ಲಿ ಅವನ ಫೋರ್ಡ್ ಮೋಟಾರ್ ಕಂಪನಿ ಹುಟ್ಟಿ ಕೆಲವು ತಿಂಗಳಾಗಿತ್ತು, ಹೊಸ ಕಾರೊಂದು ಮಾರುಕಟ್ಟೆಗೆ ಬರಬೇಕಿತ್ತು, ಪ್ರಚಾರ ಬೇಕಾಗಿತ್ತು. 1904ರ ಜನವರಿ 12ರಂದು ಹೆಪ್ಪುಗಟ್ಟಿದ ಸೇಂಟ್ ಕ್ಲೇರ್ ಸರೋವರದ ಮಂಜುಗಡ್ಡೆಯ ಮೇಲೆ ಅವನೇ ಕುಳಿತು ಓಡಿಸಿದ. ಒಂದು ಮೈಲಿಗೆ 39.4 ಸೆಕೆಂಡು. ಗಂಟೆಗೆ 91.37 ಮೈಲಿ. ನೆಲದ ಮೇಲೆ ಅಲ್ಲಿಯವರೆಗೆ ಯಾವ ಕಾರೂ ಅಷ್ಟು ವೇಗವಾಗಿ ಓಡಿರಲಿಲ್ಲ. (ದಾಖಲೆ ಹೆಚ್ಚು ದಿನ ಉಳಿಯಲಿಲ್ಲವೆನ್ನಿ. ಅದೇ ತಿಂಗಳ 27ರಂದು ಫ್ಲಾರಿಡಾದ ಕಡಲ ದಂಡೆಯಲ್ಲಿ ವ್ಯಾಂಡರ್‌ಬಿಲ್ಟ್ ಎಂಬ ಸಿರಿವಂತ ಅದನ್ನು ಮುರಿದ.)

ದಾಖಲೆ ಮಾಡಿದ ಕಾರು ಯಾವುದು? ಪ್ರಚಾರದಲ್ಲಿ ಬಂದ ಹೆಸರು 999. ಓಡಿದ್ದು ಆ್ಯರೋ. ಹೆಸರಾದ ಅಕ್ಕನ ಹೆಸರನ್ನು ತಂಗಿಗೆ ಇಟ್ಟುಬಿಟ್ಟಿದ್ದರು. ಮೊದಲಿನ 999 ಈಗಲೂ ಡೆಟ್ರಾಯಿಟ್ ಬಳಿಯ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ನೋಡಿ, ಮಂಜುಗಡ್ಡೆಯ ಮೇಲೆ ಓಡಿದ ಕಾರು ಇದೇ ಎಂದು ಯಾರಾದರೂ ಬರೆದರೆ, ಅವರು ಹೆಸರನ್ನು ನಂಬಿ ಕಬ್ಬಿಣವನ್ನು ಮರೆತಿದ್ದಾರೆ ಎಂದರ್ಥ.

ನಕಲೆಂದು ಹೆಸರಾದ ಅಸಲು

ಇದಕ್ಕಿಂತ ಸ್ವಾರಸ್ಯವಾದದ್ದು ಅದೇ ಫೋರ್ಡ್ ಒಂದು ವರ್ಷ ಮೊದಲು ಮಾಡಿದ ಇನ್ನೊಂದು ಕಾರಿನ ಕಥೆ. ಅದರ ಹೆಸರು ಸ್ವೀಪ್‌ಸ್ಟೇಕ್ಸ್.

1901ರಲ್ಲಿ ಫೋರ್ಡನ ಮೊದಲ ಕಂಪನಿ ಮುಚ್ಚಿಹೋಗಿತ್ತು. ಕೈಯಲ್ಲಿ ಹಣವಿಲ್ಲ, ಹಣ ಹಾಕುವವರಿಗೆ ನಂಬಿಕೆಯಿಲ್ಲ. ನಂಬಿಕೆ ಹುಟ್ಟಿಸಲು ಅವನು ಹಿಡಿದದ್ದು ಪಂದ್ಯದ ದಾರಿ. ಎರಡೇ ಸಿಲಿಂಡರಿನ ಕಾರು ಕಟ್ಟಿದ. ಅಡ್ಡಳತೆಯೂ ಏಳು ಅಂಗುಲ, ಪಿಸ್ಟನ್ನಿನ ಓಡಾಟವೂ ಏಳು ಅಂಗುಲ. ಕಿಡಿ ಹೊತ್ತಿಸುವ ಭಾಗಕ್ಕೆ ಬೇಕಾದ ಪಿಂಗಾಣಿ ಕವಚವನ್ನು ಮಾಡಿಕೊಟ್ಟವನು ಒಬ್ಬ ಹಲ್ಲಿನ ಡಾಕ್ಟರು! ಪಿಂಗಾಣಿಯ ಹಲ್ಲು ಕಟ್ಟಿ ಪಳಗಿದ ಕೈ ಅಲ್ಲವೇ. 1901ರ ಅಕ್ಟೋಬರ್ 10ರಂದು ಅದೇ ಗ್ರಾಸ್ ಪಾಯಿಂಟಿನಲ್ಲಿ ಹತ್ತು ಮೈಲಿಯ ಪಂದ್ಯ. ಎದುರಾಳಿ ಅಲೆಕ್ಸಾಂಡರ್ ವಿಂಟನ್, ಆಗಿನ ಕಾಲಕ್ಕೆ ದೊಡ್ಡ ಹೆಸರು. ಮೊದಲು ಮುಂದಿದ್ದವನು ವಿಂಟನ್ನನೇ. ಆಮೇಲೆ ಅವನ ಎಂಜಿನ್ನು ತೊಂದರೆ ಕೊಟ್ಟಿತು, ಫೋರ್ಡ್ ಮುಂದೆ ಬಂದು ಹದಿಮೂರೂವರೆ ನಿಮಿಷದೊಳಗೆ ಮುಗಿಸಿದ. ಮುಂದಿನ ತಿಂಗಳೇ ಅವನಿಗೆ ಹೊಸ ಕಂಪನಿ ಕಟ್ಟಲು ಹಣ ಸಿಕ್ಕಿತು.

ಈ ಕಾರನ್ನು ಫೋರ್ಡ್ 1902ರಲ್ಲಿ ಮಾರಿದ. 1930ರ ದಶಕದಲ್ಲಿ, ಜಗತ್ತಿನ ಶ್ರೀಮಂತರಲ್ಲಿ ಒಬ್ಬನಾದ ಮೇಲೆ, ಅದನ್ನು ಮತ್ತೆ ಕೊಂಡುಕೊಂಡ. ಅಷ್ಟು ಹೊತ್ತಿಗೆ ಕಾರಿನ ಮೈ ಬೆಂಕಿಗೆ ಸಿಕ್ಕಿ ಹಾಳಾಗಿತ್ತು. ಹೊಸ ಮೈ ಕಟ್ಟಿಸಿದ. ಆದರೆ ಯಾವುದು ಹಳೆಯದು, ಯಾವುದು ಹೊಸದು ಎಂಬ ವಿವರ ಸರಿಯಾಗಿ ಬರೆದಿಡಲಿಲ್ಲ. ವರ್ಷಗಳು ಕಳೆದವು. ಗೊತ್ತಿದ್ದವರು ಹೋದರು. ಹೊಸದಾಗಿ ಕಾಣುವ ಮೈಯನ್ನು ನೋಡಿದ ಜನ, ಇದು ಹಳೆಯ ಕಾರಿನ ನಕಲು ಎಂದುಕೊಂಡರು. ಬಹುಕಾಲ ಅದು ನಕಲೆಂದೇ ಕರೆಸಿಕೊಂಡಿತು. ಬಹಳ ತಡವಾಗಿ ತಜ್ಞರು ಭಾಗಭಾಗವನ್ನೂ ಹತ್ತಿರದಿಂದ ಪರೀಕ್ಷಿಸಿದಾಗ ತಿಳಿದುಬಂತು: ಅದು ನಕಲಲ್ಲ, 1901ರಲ್ಲಿ ಗೆದ್ದ ಅಸಲು ಕಾರೇ! ಪಂದ್ಯದ ನೂರನೆಯ ವರ್ಷವಾದ 2001ರಲ್ಲಿ ಓಡಿಸಲೆಂದು ನಿಜವಾದ ನಕಲುಗಳನ್ನು ಬೇರೆಯಾಗಿ ಮಾಡಿಸಿದರು, ಅಸಲು ಸಂಗ್ರಹಾಲಯದಲ್ಲಿ ನಿಂತಿತು.

ನಕಲನ್ನು ಅಸಲೆಂದು ಮಾರುವ ಮೋಸಗಾರರ ಕಥೆ ನೀವು ಕೇಳಿರಬಹುದು. ಇಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ಕಾರನ್ನು ಮಾಡಿದವನೇ ಅದರ ಮಾಲೀಕ. ಕಾರು ಅವನ ಮನೆಯಲ್ಲೇ ಇತ್ತು. ಆದರೂ ಜಾತಕ ತಪ್ಪಿಹೋಯಿತು. ನಾಲ್ಕು ಸಾಲು ಬರೆದಿಟ್ಟಿದ್ದರೆ ಸಾಕಿತ್ತು.

ಕಬ್ಬಿಣ ಹೇಳುವ ಸಾಕ್ಷಿ

ಹಾಗಾದರೆ ತಜ್ಞರು ಏನನ್ನು ನೋಡುತ್ತಾರೆ? ಈಗಿನ ಕಾರಾದರೆ ಸುಲಭ. ಚಾಸಿಯ ಮೇಲೊಂದು ಸಂಖ್ಯೆ, ಎಂಜಿನ್ನಿನ ಮೇಲೊಂದು ಸಂಖ್ಯೆ, ಕಾರ್ಖಾನೆಯ ದಪ್ತರದಲ್ಲಿ ಎರಡೂ ದಾಖಲು. ಕೆ.ಜಿ.ಎಫ್.ನಲ್ಲಿ ನೋಂದಾಯಿಸಿದ ಗಾಡಿಯ ಹಲಗೆಯ ಮೇಲೆ ಕೆಎ 08 ಎಂದಿರುತ್ತದೆ, ಆದರೆ ಅದು ಗಾಡಿ ನೋಂದಣಿಯಾದ ಊರನ್ನಷ್ಟೇ ಹೇಳುತ್ತದೆ, ಹುಟ್ಟಿದ ಊರನ್ನಲ್ಲ. ಹಲಗೆ ಬಿಚ್ಚಬಹುದು, ಬದಲಿಸಬಹುದು. ಚಾಸಿಯ ಮೇಲೆ ಕೊರೆದ ಸಂಖ್ಯೆ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಅರದಿಂದ ಉಜ್ಜಿ ಅಳಿಸಿದರೋ? ಆಗಲೂ ಉಪಾಯವುಂಟು. ಉಕ್ಕಿನ ಅಚ್ಚನ್ನು ಇಟ್ಟು ಸುತ್ತಿಗೆಯಿಂದ ಹೊಡೆದಾಗ ಮೇಲೆ ಕಾಣುವ ಅಂಕಿ ಮಾತ್ರ ಮೂಡುವುದಿಲ್ಲ. ಅದರ ಕೆಳಗಿನ ಲೋಹವೂ ಅದುಮಿಸಿಕೊಂಡು ಗಟ್ಟಿಯಾಗುತ್ತದೆ. ಮೇಲಿನ ಪದರವನ್ನು ಉಜ್ಜಿದರೂ ಆ ಅದುಮಿದ ಲೋಹ ಉಳಿದಿರುತ್ತದೆ. ಅದರ ಮೇಲೆ ತಕ್ಕ ಆಮ್ಲವನ್ನು ಸವರಿದರೆ ಅದುಮಿದ ಜಾಗವೂ ಸುತ್ತಲಿನ ಜಾಗವೂ ಬೇರೆ ಬೇರೆ ವೇಗದಲ್ಲಿ ಕರಗುತ್ತವೆ. ಅಳಿಸಿದ ಅಂಕಿ ಮಸುಕಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ಕದ್ದ ವಾಹನಗಳನ್ನು ಪತ್ತೆಮಾಡಲು ಪೊಲೀಸರ ಪ್ರಯೋಗಾಲಯಗಳು ಬಳಸುವ ವಿಧಾನ ಇದೇ. ಉಜ್ಜಿದ್ದು ತೀರಾ ಆಳಕ್ಕೆ ಹೋಗಿದ್ದರೆ ಮಾತ್ರ ಏನೂ ಸಿಗುವುದಿಲ್ಲ.

ಆದರೆ 1901ರ ಸುಮಾರಿನಲ್ಲಿ ಕೈಯಿಂದ ಕಟ್ಟಿದ ಒಂಟಿ ಕಾರುಗಳ ವಿಷಯದಲ್ಲಿ ಇಂಥ ಸಂಖ್ಯೆಗಳನ್ನು ನಂಬಿ ಕೂರುವಂತಿಲ್ಲ. ಆಗ ಕೆಲಸದ ಗುರುತುಗಳನ್ನೇ ಓದಬೇಕು. ಅವುಗಳಲ್ಲಿ ಎರಡನ್ನು ಹೇಳುತ್ತೇನೆ. ಎರಡೂ ನಿಮ್ಮ ಭೌತಶಾಸ್ತ್ರದ ಪಾಠಕ್ಕೆ ಹತ್ತಿರವಾದವು.

ಮೊದಲನೆಯದು ನಟ್ಟು ಬೋಲ್ಟು. ಬೋಲ್ಟಿನ ಥ್ರೆಡ್ಡನ್ನು ಅಡ್ಡಲಾಗಿ ನೋಡಿದರೆ ಗರಗಸದ ಹಲ್ಲಿನ ಸಾಲಿನಂತೆ ಕಾಣುತ್ತದೆ. ಎರಡು ಹಲ್ಲುಗಳ ನಡುವಿನ ಕೋನ ಎಷ್ಟು? ಇಂಗ್ಲೆಂಡಿನಲ್ಲಿ 1841ರಲ್ಲಿ ವಿಟ್‌ವರ್ತ್ ಎಂಬ ಎಂಜಿನಿಯರು ಅದನ್ನು 55 ಡಿಗ್ರಿಗೆ ನಿಗದಿ ಮಾಡಿದರು, ಹಲ್ಲಿನ ತುದಿಯನ್ನು ದುಂಡಾಗಿಸಿದರು. ಅಮೆರಿಕದಲ್ಲಿ 1864ರಲ್ಲಿ ಸೆಲ್ಲರ್ಸ್ ಎಂಬವರು 60 ಡಿಗ್ರಿ ಎಂದರು, ತುದಿಯನ್ನು ಚಪ್ಪಟೆ ಮಾಡಿದರು. ಮೂರು ಕೋನವೂ 60 ಇರುವ ತ್ರಿಭುಜವನ್ನು ಬರೆಯುವುದೂ ಅಳೆಯುವುದೂ ಸುಲಭವಲ್ಲವೇ, ಅದೇ ಅವರ ವಾದ. ಐದೇ ಡಿಗ್ರಿಯ ಈ ವ್ಯತ್ಯಾಸದಿಂದ ಒಂದು ದೇಶದ ನಟ್ಟು ಇನ್ನೊಂದು ದೇಶದ ಬೋಲ್ಟಿಗೆ ಸರಿಯಾಗಿ ಕೂರುವುದಿಲ್ಲ. ಹಳೆಯ ಅಮೆರಿಕದ ಕಾರೆಂದು ಹೇಳಿಕೊಳ್ಳುವ ಯಂತ್ರದ ಒಳಭಾಗದಲ್ಲಿ ವಿಟ್‌ವರ್ತ್ ಥ್ರೆಡ್ಡು ಸಿಕ್ಕಿದರೆ, ಆ ಭಾಗ ಬೇರೆ ಎಲ್ಲಿಂದಲೋ ಬಂದದ್ದಿರಬೇಕೆಂದು ಅನುಮಾನಿಸಬೇಕು. ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದ ತಾತ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇದ್ದರೆ ಕೇಳಿ ನೋಡಿ. ಯಾವ ಸ್ಪ್ಯಾನರು ಯಾವ ದೇಶದ ಯಂತ್ರಕ್ಕೆ ಕೂರುತ್ತದೆ ಎಂಬುದು ಪುಸ್ತಕ ಓದದೆಯೂ ಅವರಿಗೆ ಗೊತ್ತಿರುತ್ತದೆ.

ಎರಡನೆಯದು ಎರಕ. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ಯುತ್ತಾರೆ. ಆರಿ ಗಟ್ಟಿಯಾಗುವಾಗ ಅದು ಕುಗ್ಗುತ್ತದೆ, ಅಡಿಗೆ ಸುಮಾರು ಎಂಟನೆಯ ಒಂದು ಅಂಗುಲ, ಅಂದರೆ ನೂರಕ್ಕೆ ಒಂದು ಪಾಲು. ಅದಕ್ಕಾಗಿ ಅಚ್ಚು ತೆಗೆಯುವ ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಮಾಡುತ್ತಾರೆ. ಮಾದರಿ ಮಾಡುವ ಬಡಗಿಯ ಅಳತೆಪಟ್ಟಿಯೇ ಬೇರೆ. ಅದರ ಒಂದು ಅಡಿ ನಿಜವಾದ ಅಡಿಗಿಂತ ಅಷ್ಟು ಉದ್ದ! ಈಗ ಒಬ್ಬ ಹಳೆಯ ಕಾರಿನ ಅಸಲು ಭಾಗವನ್ನೇ ಮಾದರಿಯಾಗಿ ಇಟ್ಟುಕೊಂಡು ಮರಳಿನ ಅಚ್ಚು ತೆಗೆದು ನಕಲು ಎರಕ ಹೊಯ್ದ ಎನ್ನಿ. ಆರಿದ ಮೇಲೆ ನಕಲು ಅಸಲಿಗಿಂತ ನೂರಕ್ಕೆ ಒಂದು ಪಾಲು ಚಿಕ್ಕದಾಗುತ್ತದೆ. ಎರಡು ಅಡಿ ಉದ್ದದ ಭಾಗದಲ್ಲಿ ಕಾಲಂಗುಲ ಕಡಿಮೆ. ಕಣ್ಣಿಗೆ ಹೊಳೆಯುವುದಿಲ್ಲ, ಅಳತೆಗೆ ಸಿಕ್ಕಿಬೀಳುತ್ತದೆ. ಯಂತ್ರದಲ್ಲಿ ಕೊರೆದು ನಯ ಮಾಡಿದ ಭಾಗಗಳನ್ನು ಬೇಕಾದ ಅಳತೆಗೆ ತರಬಹುದು, ಹಾಗಾಗಿ ಎರಕದಿಂದ ಬಂದಂತೆಯೇ ಒರಟಾಗಿ ಬಿಟ್ಟ ಜಾಗಗಳನ್ನು ಅಳೆಯಬೇಕು.

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ಗಂಗರ ಮೊದಲ ರಾಜಧಾನಿ ಕುವಲಾಲ, ಈಗಿನ ಕೋಲಾರ. ಆ ಗಂಗರ ಹೆಸರಿನಲ್ಲಿ ಸಿಕ್ಕ ಹಲವು ತಾಮ್ರಶಾಸನಗಳನ್ನು ಫ್ಲೀಟ್ ಎಂಬ ವಿದ್ವಾಂಸರು ಕೂಟಶಾಸನಗಳೆಂದು, ಅಂದರೆ ಯಾರೋ ಆಮೇಲೆ ಸೃಷ್ಟಿಸಿದವೆಂದು, ತಳ್ಳಿಹಾಕಿದರು. ಬಿ. ಎಲ್. ರೈಸ್ ಅವರು ಒಪ್ಪಲಿಲ್ಲ. ಇಬ್ಬರ ವಾದ ವರ್ಷಗಟ್ಟಲೆ ನಡೆಯಿತು. ತಾಮ್ರದ ಮೇಲೆ ಬರೆದ ಇಸವಿಯನ್ನು ಇಬ್ಬರೂ ಸುಮ್ಮನೆ ನಂಬಲಿಲ್ಲ. ಅಕ್ಷರದ ಆಕಾರ ಯಾವ ಶತಮಾನದ್ದು, ವಂಶಾವಳಿ ಬೇರೆ ಶಾಸನಗಳೊಡನೆ ಹೊಂದುತ್ತದೆಯೇ ಎಂದು ನೋಡಿದರು. ಕಾರಿನ ತಜ್ಞನ ಪ್ರಶ್ನೆಗಳೂ ಇವೇ. ಅಕ್ಷರದ ಬದಲು ಥ್ರೆಡ್ಡು, ವಂಶಾವಳಿಯ ಬದಲು ಮಾಲೀಕರ ಪಟ್ಟಿ.

ಕಾಗದವೂ ಬೇಕು

ಕಬ್ಬಿಣ ಒಂದೇ ಸಾಲದು. ಈ ಭಾಗ 1900ರ ಸುಮಾರಿನದು, ಅಮೆರಿಕದ್ದು ಎಂಬಲ್ಲಿಯವರೆಗೆ ಕಬ್ಬಿಣ ಹೇಳೀತು. ಇಂಥ ದಿನ ಇಂಥ ಪಂದ್ಯದಲ್ಲಿ ಓಡಿತು ಎಂಬುದನ್ನು ಹೇಳಲು ಕಾಗದ ಬೇಕು, ಚಿತ್ರ ಬೇಕು. ಪತ್ರಿಕೆಯಲ್ಲಿ ಅಚ್ಚಾದ ಪಂದ್ಯದ ಫೋಟೋದಲ್ಲಿ ಒಂದು ಜಾಗದಲ್ಲಿ ಪಟ್ಟಿಗೆ ಮೂರು ರಿವೆಟ್ಟು ಇದ್ದು, ಕಾರಿನಲ್ಲಿ ಅದೇ ಜಾಗದಲ್ಲಿ ಮೂರು ರಿವೆಟ್ಟು ಸಿಕ್ಕಿದರೆ ಅದು ಸಾಕ್ಷಿ. ಮಾರಾಟದ ರಸೀದಿ, ಸಾಗಣೆಯ ಪತ್ರ, ವಿಮೆಯ ಕಾಗದ, ಮಾಲೀಕನ ಮನೆಯ ಫೋಟೋ ಆಲ್ಬಂ, ಎಲ್ಲವೂ ಕೊಂಡಿಗಳು. ಹುಟ್ಟಿದ ದಿನದಿಂದ ಇಂದಿನವರೆಗೆ ಸರಪಳಿ ಎಲ್ಲೂ ಕಡಿಯದೆ ಬಂದರೆ ಅನುಮಾನಕ್ಕೆ ಎಡೆಯಿಲ್ಲ. ನಡುವೆ ಇಪ್ಪತ್ತು ವರ್ಷ ಕಾಣದೆ ಹೋಯಿತೋ, ಅಲ್ಲಿಂದಲೇ ತಕರಾರು ಹುಟ್ಟುತ್ತದೆ. ಸ್ವೀಪ್‌ಸ್ಟೇಕ್ಸ್ ಮಾಲೀಕನ ಕೈ ಬಿಟ್ಟದ್ದು 1902ರಲ್ಲಿ, ಮರಳಿದ್ದು 1930ರ ದಶಕದಲ್ಲಿ ಎಂಬುದನ್ನು ನೆನಪಿಡಿ.

ಇದಕ್ಕೆ ವಿರುದ್ಧವಾದ ಅದೃಷ್ಟವಂತ ಕಾರೂ ಇದೆ. 1906ರಲ್ಲಿ ಕಟ್ಟಿದ ಲೋಕೋಮೊಬೈಲ್ ಕಂಪನಿಯ ಪಂದ್ಯದ ಕಾರು 1908ರಲ್ಲಿ ವ್ಯಾಂಡರ್‌ಬಿಲ್ಟ್ ಕಪ್ಪನ್ನು ಗೆದ್ದಿತು. ಆ ಅಂತರರಾಷ್ಟ್ರೀಯ ಪಂದ್ಯವನ್ನು ಗೆದ್ದ ಮೊದಲ ಅಮೆರಿಕನ್ ಕಾರು ಅದು. ಅಂದು ಅದರ ಮೇಲೆ ಬರೆದಿದ್ದ ಸಂಖ್ಯೆ 16. 1941ರಲ್ಲಿ ಅದು ಪೀಟರ್ ಹೆಲ್ಕ್ ಎಂಬ ಚಿತ್ರಕಾರನ ಕೈಗೆ ಬಂತು. ಚಿತ್ರಕಾರನಾದರೂ ಅದಕ್ಕೆ ಹೊಸ ಬಣ್ಣ ಬಳಿಯಲಿಲ್ಲ! ಹಳೆಯ ಬಣ್ಣ, ಹಳೆಯ ಗೀರು, ಹಳೆಯ 16 ಹಾಗೆಯೇ ಉಳಿದವು. ಇಂದಿಗೂ ಜನ ಅದನ್ನು ಹಳೆಯ ಹದಿನಾರು ಎಂದೇ ಕರೆಯುತ್ತಾರೆ. ನನ್ನನ್ನು ಕೇಳಿದರೆ, ಹೊಳೆಯುವಂತೆ ಬಣ್ಣ ಬಳಿದು ನಿಲ್ಲಿಸಿದ ಹತ್ತು ಕಾರುಗಳಿಗಿಂತ ಈ ಕೊಳಕು ಕಾರು ಒಂದೇ ಹೆಚ್ಚು ಪಾಠ ಹೇಳುತ್ತದೆ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಕಾನೂನು ಬಂದದ್ದು ತೀರ ಈಚೆಗೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ ಐವತ್ತು ವರ್ಷಕ್ಕಿಂತ ಹಳೆಯ, ಚಾಸಿ, ಮೈ, ಎಂಜಿನ್ನುಗಳನ್ನು ಹೆಚ್ಚಾಗಿ ಬದಲಿಸದೆ ಮೂಲ ರೂಪದಲ್ಲಿ ಉಳಿಸಿಕೊಂಡ ಸ್ವಂತ ವಾಹನಗಳನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಅವುಗಳ ಹಲಗೆಯಲ್ಲಿ ರಾಜ್ಯದ ಅಕ್ಷರಗಳ ಪಕ್ಕದಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ. ಮೂಲ ರೂಪ ಎಂಬ ಆ ಎರಡು ಪದಗಳನ್ನು ಗಮನಿಸಿ. ಅದನ್ನು ತೀರ್ಮಾನಿಸುವವರು ಇಷ್ಟು ಹೊತ್ತು ನಾವು ನೋಡಿದ ಪ್ರಶ್ನೆಗಳನ್ನೇ ಕೇಳಬೇಕಾಗುತ್ತದೆ.

ಕಾವೇರಿಯ ವಿದ್ಯುತ್ತಿನ ಜಾತಕ

ಈಗ ಗಣಿಗೆ ಹಿಂತಿರುಗೋಣ. ಶಿವನಸಮುದ್ರದ ಯೋಜನೆಯ ಬಗ್ಗೆ ಎರಡು ಮಾತುಗಳನ್ನು ನೀವು ಖಂಡಿತ ಕೇಳಿರುತ್ತೀರಿ. ಏಷ್ಯಾ ಖಂಡದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ ಎಂಬುದು ಒಂದು. ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ತಂತಿ ಮಾರ್ಗ ಎಂಬುದು ಇನ್ನೊಂದು. ಭಾಷಣಗಳಲ್ಲೂ ರಸಪ್ರಶ್ನೆಗಳಲ್ಲೂ ಇವು ಸುತ್ತುತ್ತಲೇ ಇವೆ. ಕಾರಿಗೆ ಹಾಕಿದ ಪರೀಕ್ಷೆಯನ್ನು ಇವಕ್ಕೂ ಹಾಕೋಣ.

ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್‌ನಲ್ಲಿ 1897ರ ನವೆಂಬರ್ 10ರಂದೇ ನೀರಿನಿಂದ ವಿದ್ಯುತ್ತು ತೆಗೆದಿದ್ದರು. ಜಪಾನಿನ ಕ್ಯೋಟೋ ನಗರದ ಕೆಯಾಗೆ ಕೇಂದ್ರ ಅದಕ್ಕೂ ಮುಂಚಿನದು, 1891ರದು. ಏಷ್ಯಾದಲ್ಲಿ ಮೊದಲು ಎಂಬ ಮಾತು ಅಲ್ಲಿಗೆ ಬಿತ್ತು. ಭಾರತದಲ್ಲಿ ಮೊದಲು ಎಂಬುದೂ ನಿಲ್ಲುವುದಿಲ್ಲ. ಇನ್ನು ತಂತಿಯ ಉದ್ದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ ಕೊಲ್ಗೇಟ್ ಎಂಬಲ್ಲಿಂದ ಓಕ್‌ಲೆಂಡಿಗೆ 142 ಮೈಲಿ ಉದ್ದದ ಮಾರ್ಗದಲ್ಲಿ ವಿದ್ಯುತ್ತು ಹರಿದಿತ್ತು. ನಮ್ಮದು 92 ಮೈಲಿ.

ಬೇಸರವಾಯಿತೇ? ಬೇಸರಪಡಬೇಕಾದ್ದೇನೂ ಇಲ್ಲ. ಸಿದ್ರಾಪಾಂಗ್‌ನ ಯಂತ್ರಗಳೆರಡೂ ಸೇರಿ 130 ಕಿಲೋವಾಟು, ಊರಿನ ದೀಪಗಳಿಗೆ ಸಾಕಾಗುವಷ್ಟು. ಶಿವನಸಮುದ್ರದ ಆರು ಯಂತ್ರಗಳು ಸೇರಿ 4,320 ಕಿಲೋವಾಟು, ಅದರ ಮೂವತ್ತಮೂರು ಪಟ್ಟು. ದೂರದ ಒಂದು ಉದ್ಯಮಕ್ಕೆ, ಮೊದಲೇ ಮಾಡಿಕೊಂಡ ಕರಾರಿನಂತೆ, ಕಾಡು ಬಯಲು ದಾಟಿಸಿ 35,000 ವೋಲ್ಟಿನಲ್ಲಿ ವಿದ್ಯುತ್ತು ಮಾರಿದ ಸಂಸ್ಥಾನ ನಮ್ಮದು. ಆ ಕಾಲಕ್ಕೆ ಇದು ಸಾಮಾನ್ಯ ಧೈರ್ಯವಲ್ಲ. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರ ಆಗಸ್ಟ್ 5ರಂದು. ಆ್ಯರೋ ಮಾಡಿದ ದಾಖಲೆಗೆ 999ರ ಹೆಸರು ಬೇಕಾಗಿರಲಿಲ್ಲ. ಕಾವೇರಿಯ ಈ ಯೋಜನೆಗೂ ಬೇರೆಯವರ ಬಿರುದು ಬೇಕಾಗಿಲ್ಲ.

ತಪ್ಪು ಜಾತಕಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಜಾತಕವೇ ಇಲ್ಲದಿರುವುದು. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. 1880ರಿಂದ ಅಲ್ಲಿಯವರೆಗೆ ಸುಮಾರು 800 ಟನ್ ಚಿನ್ನ ಹೊರಗೆ ಬಂದಿತ್ತು. ಚಾಂಪಿಯನ್ ರೀಫ್ ಗಣಿಯ ಆಳ ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು. ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಅದೂ ಒಂದು. ಅಷ್ಟು ಆಳಕ್ಕೆ ಜನರನ್ನು ಇಳಿಸಿ ಹತ್ತಿಸಿದ್ದು, ಗಾಳಿ ಒತ್ತಿದ್ದು, ನೀರು ಎತ್ತಿದ್ದು ಯಂತ್ರಗಳೇ. ಲಂಡನ್ನಿನ ಕಂಪನಿಯಿಂದ ಮೈಸೂರು ಸರ್ಕಾರಕ್ಕೆ, ಅಲ್ಲಿಂದ ಕೇಂದ್ರ ಸರ್ಕಾರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಗೆ ಎಂದು ಗಣಿ ಕೈ ಬದಲಾಯಿಸಿದಾಗಲೆಲ್ಲ ಯಂತ್ರಗಳೂ ಕೈ ಬದಲಾಯಿಸಿದವು. ಇಂಥ ಯಂತ್ರಗಳ ಮೈಮೇಲಿನ ಹೆಸರಿನ ಫಲಕ ಸಾಮಾನ್ಯವಾಗಿ ಹಿತ್ತಾಳೆಯದು. ಗುಜರಿ ಅಂಗಡಿಯಲ್ಲಿ ಹಿತ್ತಾಳೆಗೆ ಕಬ್ಬಿಣಕ್ಕಿಂತ ಹೆಚ್ಚು ಬೆಲೆ. ಯಂತ್ರದಿಂದ ಮೊದಲು ಕಳಚಿಹೋಗುವುದು ಜಾತಕವೇ! ಫಲಕ ಹೋದ ಮೇಲೆ ಉಳಿಯುವುದು ತೂಕಕ್ಕೆ ಮಾರುವ ಕಬ್ಬಿಣ.

ಫಲಕ ಇರುವ ಹಳೆಯ ಯಂತ್ರ ನಿಮ್ಮ ಊರಿನಲ್ಲಿ, ಅದು ಗಣಿಯದಾಗಲಿ, ಗಿರಣಿಯದಾಗಲಿ, ಬಾವಿಯ ಪಂಪಾಗಲಿ, ಕಣ್ಣಿಗೆ ಬಿದ್ದರೆ, ಸಂಬಂಧಪಟ್ಟವರ ಅನುಮತಿ ಪಡೆದು ಹೀಗೆ ಮಾಡಿ. ಮುಚ್ಚಿದ ಶಾಫ್ಟುಗಳ ಹತ್ತಿರ ಮಾತ್ರ ಹೋಗಬೇಡಿ, ಅಲ್ಲಿ ನೆಲವನ್ನು ನಂಬುವಂತಿಲ್ಲ. ರೈಸ್ ಅವರ ಕಾಲದಲ್ಲಿ ಶಾಸನದ ಮೇಲೆ ಒದ್ದೆ ಕಾಗದ ಒತ್ತಿ ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಿದ್ದರು. ಕೋಲಾರ ಜಿಲ್ಲೆಯ ಶಾಸನಗಳೆಲ್ಲ ಹಾಗೆಯೇ ಸೇರಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವಾಯಿತು. ನಿಮಗೆ ಅಷ್ಟೆಲ್ಲ ಬೇಡ. ಫಲಕದ ಮೇಲೆ ತೆಳುವಾದ ಬಿಳಿ ಹಾಳೆ ಇಟ್ಟು ಮೆತ್ತನೆಯ ಪೆನ್ಸಿಲನ್ನು ಅಡ್ಡಲಾಗಿ ಉಜ್ಜಿದರೆ ಉಬ್ಬಿದ ಅಕ್ಷರಗಳು ಕಪ್ಪಾಗಿ ಮೂಡುತ್ತವೆ. ಕಂಪನಿಯ ಹೆಸರು, ಊರು, ಕ್ರಮಸಂಖ್ಯೆ, ಅಶ್ವಶಕ್ತಿ ಅಥವಾ ಕಿಲೋವಾಟು, ವೋಲ್ಟು, ಇಸವಿ ಇದ್ದರೆ ಇಸವಿ. ಬಣ್ಣ ಮುಚ್ಚಿದ್ದರೆ ಕೆರೆಯಬೇಡಿ, ಬಣ್ಣವೂ ಸಾಕ್ಷಿಯೇ. ಮೇಲೊಂದು, ಪಕ್ಕಗಳಿಂದ ನಾಲ್ಕು ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಅಡಿಪಟ್ಟಿ ಇಟ್ಟು. ಹಾಳೆಯ ಹಿಂದೆ ಯಂತ್ರ ನಿಂತಿರುವ ಜಾಗ, ಅದನ್ನು ಓಡಿಸುತ್ತಿದ್ದವರು ಹೇಳಿದ ಮಾತು, ನೀವು ನೋಡಿದ ದಿನ, ಇಷ್ಟನ್ನು ಬರೆದು, ಒಂದು ಪ್ರತಿಯನ್ನು ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ಕೊಡಿ.